ಕುಕ್ಕುವ ಹುಂಜಕ್ಕೆ ನೆಗಡಿಯಾದಾಗ

ನನಗೆ ಕೋಳಿಯೆಂದರೆ ಹೆದರಿಕೆ. ನಲವತ್ತು ದಾಟಿದ ಗಂಡಸು ಹೀಗೆ ಬರೆದುಕೊಳ್ಳುವುದು ಶೋಭೆಯಲ್ಲ. ಆದರೆ ನಮ್ಮ ಕೇರಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲವಾದ್ದರಿಂದ ಮುಚ್ಚಿಟ್ಟು ಪ್ರಯೋಜನವೂ ಇಲ್ಲ. ನಾನು ಇರುವುದು ಕಾಸರಕೋಡಿನಲ್ಲಿ. ಶರಾವತಿಯ ಸೇತುವೆ ದಾಟಿ ಹೊನ್ನಾವರ ಪೇಟೆಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಅಂಗಡಿಗೆ ಹೋಗಲು ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಸ್ಕೂಟರಿನವರೆಗೆ ಹದಿನೈದು ಹೆಜ್ಜೆ ನಡೆಯಬೇಕು. ಆ ಹದಿನೈದು ಹೆಜ್ಜೆ ನಮ್ಮ ಹುಂಜದ ರಾಜ್ಯ.

ನನ್ನ ತಲೆಯ ಮೇಲೆ ಹೆಲ್ಮೆಟ್ ಕಂಡರೆ ಸಾಕು, ಅದು ಕುತ್ತಿಗೆಯ ಗರಿ ಕೆದರಿಕೊಂಡು ಓಡಿ ಬರುತ್ತಿತ್ತು. ಮೊಣಕಾಲಿನ ಕೆಳಗೆ ಎಲ್ಲೆಲ್ಲಿ ಮಾಂಸವಿದೆಯೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಮಳೆಯಿರಲಿ ಬಿಸಿಲಿರಲಿ, ನಾನು ಕೈಯಲ್ಲಿ ಛತ್ರಿ ಹಿಡಿದೇ ಇಳಿಯುತ್ತಿದ್ದೆ. ಅರ್ಧ ಬಿಚ್ಚಿದ ಛತ್ರಿಯನ್ನು ಕಾಲಿನ ಮುಂದೆ ಒಡ್ಡಿಕೊಂಡು ಓರೆಯಾಗಿ ಏಡಿಯ ಹಾಗೆ ಸರಿಯುತ್ತಾ ಸ್ಕೂಟರ್ ಸೇರುವ ನನ್ನನ್ನು ನೋಡಲು ಪಕ್ಕದ ಮನೆಯ ಆಯಿ ಅದೇ ಹೊತ್ತಿಗೆ ಬೇಲಿಯ ಹತ್ತಿರ ಬಟ್ಟೆ ಒಣಗಿಸಲು ಬರುತ್ತಿದ್ದರು. ಆಯಿ ಕೊಂಕಣಿಯವರು, ಅರವತ್ತೈದರ ಮೇಲಾಗಿದೆ, ಮೂರು ದಿನಕ್ಕೊಮ್ಮೆ ಒಗೆಯುವ ಬಟ್ಟೆಯನ್ನೂ ದಿನಾ ಬೆಳಿಗ್ಗೆ ಎಂಟೂವರೆಗೆ ಒಣಗಿಸುತ್ತಿದ್ದರು ಎಂದರೆ ನನ್ನ ಸ್ಥಿತಿ ಅರ್ಥವಾದೀತು.

ನನ್ನ ಹೆಂಡತಿಗೆ ಮಾತ್ರ ಆ ಹುಂಜ ಮಗನಿದ್ದ ಹಾಗೆ. ತಾಯಿಕೋಳಿಯನ್ನೂ ಉಳಿದ ಮರಿಗಳನ್ನೂ ಮುಂಗುಸಿ ಮುಗಿಸಿ ಹೋದ ಮೇಲೆ ಉಳಿದ ಒಂದೇ ಒಂದು ಮರಿ ಅದು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅಡುಗೆ ಮಾಡಿ ಬೆಳೆಸಿದ್ದಳು. ಅವಳು ಅಂಗಳಕ್ಕಿಳಿದರೆ ಅದು ಸಾಕಿದ ಬೆಕ್ಕಿನ ಹಾಗೆ ಕಾಲು ಸುತ್ತುತ್ತಿತ್ತು. ನಾನು ದೂರು ಹೇಳಿದರೆ, "ನಿಮ್ಮ ಹೆದರಿಕೆ ಅದಕ್ಕೆ ಗೊತ್ತಾಗ್ತದೆ. ನೀವು ಹೆದರೂದು ಬಿಡಿ, ಅದು ಕುಕ್ಕೂದು ಬಿಡ್ತದೆ" ಎನ್ನುತ್ತಿದ್ದಳು. ಯಾರು ಮೊದಲು ಬಿಡಬೇಕು ಎನ್ನುವುದೇ ಎರಡು ವರ್ಷದಿಂದ ಇತ್ಯರ್ಥವಾಗಿರಲಿಲ್ಲ.

ಈ ಸಲ ನವರಾತ್ರಿಯ ರಜೆಗೆ ಹೆಂಡತಿ ಮಗಳನ್ನು ಕರೆದುಕೊಂಡು ಕುಮಟೆಯ ತವರಿಗೆ ಹೋದಳು. ಅವಳ ತಂಗಿಯ ಬಾಣಂತನ, ಎರಡು ವಾರ ಬರುವ ಹಾಗಿರಲಿಲ್ಲ. ಹೊರಡುವಾಗ ಅನ್ನ ಸಾರು ಹೇಗೆ ಮಾಡಿಕೊಳ್ಳಬೇಕೆಂದು ನನಗೆ ಎರಡು ಮಾತು ಹೇಳಿದಳು. ಕೋಳಿಗಳಿಗೆ ನುಚ್ಚು ಎಷ್ಟು, ನೀರು ಎಲ್ಲಿ, ಗೂಡಿನ ಬಾಗಿಲು ಯಾವಾಗ ಎಂದು ಕಾಲು ಗಂಟೆ ಹೇಳಿದಳು. ನಾನು ಎಲ್ಲದಕ್ಕೂ ತಲೆಯಾಡಿಸಿ, ಮರುದಿನದಿಂದ ಅಡುಗೆಮನೆಯ ಕಿಟಕಿಯಿಂದಲೇ ನುಚ್ಚು ಎಸೆಯತೊಡಗಿದೆ. ಗೂಡಿನ ಬಾಗಿಲನ್ನು ತೆರೆದು ಮುಚ್ಚುವ ಕೆಲಸ ಆಯಿ ಮಾಡಿಕೊಟ್ಟರು.

ಮೂರನೆಯ ದಿನ ಬೆಳಿಗ್ಗೆ ಛತ್ರಿ ಒಡ್ಡಿಕೊಂಡು ಇಳಿದೆ. ಏನೂ ಆಗಲಿಲ್ಲ. ಸ್ಕೂಟರಿನವರೆಗೆ ಹೋದೆ, ಏನೂ ಆಗಲಿಲ್ಲ. ನಂಬಿಕೆ ಬರದೆ ವಾಪಸು ಮೆಟ್ಟಿಲಿನವರೆಗೆ ಬಂದು ಇನ್ನೊಮ್ಮೆ ನಡೆದೆ. ಹುಂಜ ಪಪ್ಪಾಯಿ ಗಿಡದ ಬುಡದಲ್ಲಿ ಕುತ್ತಿಗೆಯನ್ನು ಒಳಗೆಳೆದುಕೊಂಡು ಉಂಡೆಯಾಗಿ ಕೂತಿತ್ತು. ನನ್ನನ್ನು ನೋಡಿತು, ಎದ್ದು ಬರಬೇಕೆಂದು ಒಂದು ಹೆಜ್ಜೆ ಇಟ್ಟಿತು, ಆಮೇಲೆ ಸೀನಿತು. ಕೋಳಿ ಸೀನುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಚಿಕ್ಕ ಮಗು ಸೀನಿದ ಹಾಗೆ, ತಲೆ ಕೊಡವಿಕೊಂಡು, ಮೂರು ಸಲ. ಕಣ್ಣಿನ ಮೂಲೆಯಲ್ಲಿ ನೊರೆ, ಉಸಿರೆಳೆದರೆ ಗಂಟಲಲ್ಲಿ ಗೊರ ಗೊರ. ಖುಷಿಯಾಗಬೇಕಿತ್ತು. ಗಾಬರಿಯಾಯಿತು.

ಹೆಂಡತಿಗೆ ವಿಡಿಯೊ ಕಾಲ್ ಮಾಡಿದೆ.

"ಎಂತ ಆತು? ಮುಖ ಎಂತಕ್ಕೆ ಹಾಂಗೆ ಮಾಡ್ಕಂಡಿರಿ?"

"ಹುಂಜ ಸೀನ್ತಾ ಅದೆ."

"ಹತ್ರ ಹೋಗಿ ನೋಡಿದ್ರಾ?"

"ಕಿಟಕಿಯಿಂದ ನೋಡ್ದೆ." ಅಷ್ಟರಲ್ಲಿ ನಾನು ಒಳಗೆ ಬಂದು ನಿಂತಿದ್ದೆ.

"ಕಿಟಕಿಯಿಂದ ನೋಡಿದ್ರೆ ಗುಣ ಆಗ್ತದ್ಯಾ? ಎತ್ಕಂಡು ದವಾಖಾನೆಗೆ ಹೋಗಿ. ಇವತ್ತೇ ಹೋಗ್ಬೇಕು. ಉಳಿದ ಕೋಳಿಗೂ ಬಂದ್ರೆ ಎಂತ ಮಾಡೂದು?"

ಎತ್ತಿಕೊಂಡು ಎಂಬ ಒಂದು ಶಬ್ದ ನನ್ನ ಕಿವಿಯಲ್ಲಿ ಉಳಿಯಿತು. ಸೀದಾ ಆಯಿಯ ಮನೆಗೆ ಹೋದೆ. ಆಯಿ ಬಂದು ಹಿತ್ತಲಲ್ಲಿ ಬೆಳೆದ ಕುಂಬಳಕಾಯಿ ಎತ್ತುವ ಹಾಗೆ ಹುಂಜವನ್ನು ಎತ್ತಿ, "ಅಯ್ಯೋ ದೇವಾ, ಕೊಂಬೊಗೆ ಜ್ವರ" ಎಂದರು. ಕೊಂಬೊ ಎಂದರೆ ಅವರ ಕೊಂಕಣಿಯಲ್ಲಿ ಹುಂಜ. "ಸ್ಕೂಟರ್ ತೆಗಿ. ನಾನು ಹಿಂದೆ ಹಿಡ್ಕಂಡು ಕೂತ್ಕಳ್ತೆ."

ಹೀಗೆ ನಾನು, ಆಯಿ, ಆಯಿಯ ಮಡಿಲಲ್ಲಿ ಮೊಮ್ಮಗನ ಹಳೆಯ ಸ್ವೆಟರ್ ಹೊದ್ದ ಹುಂಜ, ಮೂವರೂ ಶರಾವತಿ ಸೇತುವೆ ಹತ್ತಿದೆವು. ಸೇತುವೆಯ ಮೇಲೆ ಕಡಲಿನಿಂದ ಗಾಳಿ ಬೀಸುತ್ತಿತ್ತು. "ನಿಧಾನ ಹೋಗು, ಗಾಳಿ ತಾಗ್ತದೆ ಅದಕ್ಕೆ" ಎಂದು ಆಯಿ ಬೆನ್ನಿಗೆ ಗುದ್ದಿದರು. ನಿಧಾನ ಮಾಡಿದೆ. "ಬೇಗ ಹೋಗು, ಉಸಿರು ಎಳೀತಾ ಅದೆ" ಎಂದು ಮತ್ತೆ ಗುದ್ದಿದರು. ಹಿಂದೆ ಬಂದ ಲಾರಿಯವನು ಹಾರ್ನ್ ಹೊಡೆದಾಗ ಹುಂಜ ಸೀನಿತು, ಆಯಿ ಅವನಿಗೆ ಕೊಂಕಣಿಯಲ್ಲಿ ಬೈದರು. ನಮ್ಮನ್ನು ದಾಟಿ ಹೋದ ಟೆಂಪೋದ ಕಿಟಕಿಗಳಿಂದ ಒಂದೊಂದೇ ತಲೆ ಹೊರಬಂದು ಹಿಂತಿರುಗಿ ನೋಡುತ್ತಿತ್ತು. ಎಲ್ಲಿಂದ ಬಂತೋ ಗೊತ್ತಿಲ್ಲ, ಸೇತುವೆಯ ಅರ್ಧದಲ್ಲಿ ನನಗೆ ನಗು ಶುರುವಾಯಿತು. ಹೆಲ್ಮೆಟಿನೊಳಗೆ ನಕ್ಕರೆ ನಮ್ಮ ನಗು ನಮಗೇ ದೊಡ್ಡದಾಗಿ ಕೇಳುತ್ತದೆ. "ನಗೂದು ಎಂತಕ್ಕೆ?" ಎಂದು ಮೂರನೆಯ ಗುದ್ದು ಬಿತ್ತು.

ಪಶು ಆಸ್ಪತ್ರೆಯಲ್ಲಿದ್ದವರು ಧಾರವಾಡ ಕಡೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹುಂಜದ ಬಾಯಿ ತೆರೆದು ನೋಡಿದರು, ಎದೆಗೆ ಕಿವಿಯಿಟ್ಟು ಕೇಳಿದರು, ಕಣ್ಣಿನ ಕೆಳಗೆ ಬೆರಳಿಂದ ಒತ್ತಿದರು.

"ಉಸಿರಾಟದ ಸೋಂಕು ಆಗೇತ್ರಿ ಇದಕ್ಕ. ಛಲೋ ಆತು ಬೇಗ ತಂದಿರಿ. ಇದನ್ನ ಬ್ಯಾರೆ ಕೋಳಿ ಜೋಡಿ ಬಿಡಬ್ಯಾಡ್ರಿ. ಬೆಚ್ಚಗ ಇಡ್ರಿ, ಗಾಳಿ ಬಡೀಬಾರದು, ಧೂಳ ಅಂತೂ ಬ್ಯಾಡೇ ಬ್ಯಾಡ. ದಿನಕ್ಕ ಮೂರು ಸಲ ಬಾಯಾಗ ಔಷಧಿ ಹಾಕಬೇಕು. ಬಿಸಿನೀರಾಗ ಅರಿವಿ ಅದ್ದಿ ಮೂಗು ಒರಸಬೇಕು. ಯಾರು ಹಾಕ್ತೀರಿ?"

ನಾನು ಆಯಿಯನ್ನು ನೋಡಿದೆ. ಆಯಿ ನನ್ನನ್ನು ನೋಡಿದರು. "ಇವನೇ" ಎಂದರು. "ನಂಗೆ ಕೈ ನಡುಗ್ತದೆ."

ಒಂದು ಕೈಯಲ್ಲಿ ಹುಂಜವನ್ನು ಹಿಡಿದು ಇಡೀ ಸೇತುವೆ ದಾಟಿ, ಇನ್ನೊಂದರಲ್ಲಿ ನನಗೆ ಗುದ್ದಿದ ಆಯಿಯ ಕೈ ನಡುಗುವುದೆಂದು ನನಗೆ ಅಂದೇ ಗೊತ್ತಾದದ್ದು.

"ಇನ್ನೊಂದು" ಎಂದರು ಡಾಕ್ಟರಮ್ಮ. "ಔಷಧಿ ಮುಗದ ಮ್ಯಾಲೂ ಹದಿನೈದು ದಿನ ಇದನ್ನ ತಿನ್ನಾಕ ಹೋಗಬ್ಯಾಡ್ರಿ."

"ಇದನ್ನ ತಿಂದ್ರೆ ಇವನ ಹೆಂಡ್ತಿ ಇವನ್ನೇ ತಿಂತಾಳೆ ಡಾಕ್ಟ್ರೇ" ಎಂದು ಆಯಿ ಕೈಮುಗಿದರು. ಡಾಕ್ಟರಮ್ಮನಿಗೆ ನಗು ತಡೆಯದೆ ಚೀಟಿಯ ಮೇಲೆ ಪೆನ್ನು ಅಡ್ಡ ಹೋಯಿತು.

ಹೊಸ ಝೆರಾಕ್ಸ್ ಮಷಿನ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಮನೆಯ ಅಟ್ಟದಲ್ಲಿತ್ತು. ಅದಕ್ಕೆ ಹಳೆಯ ಸೀರೆ ಹಾಸಿ, ಮೇಲೊಂದು ಬಲ್ಬು ತೂಗುಹಾಕಿ, ಹಿಂದಿನ ಕೋಣೆಯಲ್ಲಿ ಹುಂಜಕ್ಕೆ ವಾರ್ಡು ತಯಾರಾಯಿತು. ಸಂಜೆಯ ಔಷಧಿ ಹಾಕಲು ನಾನು ಮಳೆಕೋಟು ಹಾಕಿಕೊಂಡೆ, ಮೊಣಕಾಲಿಗೆ ಮಗಳ ಸ್ಕೇಟಿಂಗ್ ಪ್ಯಾಡ್ ಕಟ್ಟಿಕೊಂಡೆ, ಕೈಗೆ ಗೋಣಿಬಟ್ಟೆ ಸುತ್ತಿಕೊಂಡೆ, ತಲೆಗೆ ಹೆಲ್ಮೆಟ್ ಇಟ್ಟುಕೊಂಡೆ. ಪೆಟ್ಟಿಗೆಯ ಮೇಲೆ ಬಗ್ಗಿದೆ. ಹುಂಜ ತಲೆಯೆತ್ತಿ ಆ ಹೆಲ್ಮೆಟನ್ನು ನೋಡಿತು. ಅದರ ಗರಿ ಒಂದೂ ಏಳಲಿಲ್ಲ. ಮೆಲ್ಲಗೆ ಕಣ್ಣು ಮುಚ್ಚಿಕೊಂಡಿತು.

ನನಗೆ ಬಹಳ ನಾಚಿಕೆಯಾಯಿತು. ಹೆಲ್ಮೆಟ್ ತೆಗೆದೆ. ಆಮೇಲೆ ಗೋಣಿಬಟ್ಟೆ, ಆಮೇಲೆ ಮಳೆಕೋಟು. ಬರಿಗೈಯಲ್ಲಿ ಅದರ ಎದೆಯ ಕೆಳಗೆ ಕೈ ಹಾಕಿ ಎತ್ತಿದೆ. ಹುಂಜ ಅಷ್ಟು ಹಗುರವಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಮೇಲಿನ ಜೋರೆಲ್ಲ ಗರಿ, ಒಳಗೆ ಬಿಸಿಯಾದ ಚಿಕ್ಕ ಮೈ, ಅದರೊಳಗೆ ಟಕಟಕ ಹೊಡೆದುಕೊಳ್ಳುವ ಎದೆ. ಬಾಯಿ ತೆರೆಸಿ ಔಷಧಿಯ ಹನಿ ಬಿಟ್ಟೆ. ನುಂಗಿತು. ಮೂಗು ಒರೆಸಿದೆ. ಸೀನಿತು, ನನ್ನ ಮುಖದ ಮೇಲೆಯೇ. ಸ್ಕೇಟಿಂಗ್ ಪ್ಯಾಡ್ ಮಾತ್ರ ಕಾಲಲ್ಲೇ ಉಳಿದಿತ್ತು ಎಂಬುದು ಕೈ, ಮುಖ ಎಲ್ಲ ಸೋಪು ಹಚ್ಚಿ ತೊಳೆದು, ಊಟ ಮುಗಿದ ಮೇಲೆ ಗೊತ್ತಾಯಿತು.

ಮಧ್ಯಾಹ್ನದ ಔಷಧಿಗೆ ಸೇತುವೆ ದಾಟಿ ಬಂದು ಹೋಗುವುದು ಕಷ್ಟವೆಂದು ಮರುದಿನ ನಾನೊಂದು ಉಪಾಯ ಮಾಡಿದೆ. ಹುಂಜವನ್ನು ಚಿಕ್ಕ ಬುಟ್ಟಿಯಲ್ಲಿ ಕೂರಿಸಿ ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಅಂಗಡಿಗೇ ಒಯ್ದು, ಮಷಿನ್ನಿನ ಹಿಂದೆ ಬೆಚ್ಚಗಿದ್ದಲ್ಲಿ ಇಟ್ಟೆ. ಹನ್ನೊಂದು ಗಂಟೆಗೆ ನನ್ನ ಹಳೆಯ ಗಿರಾಕಿ, ನಿವೃತ್ತ ಮಾಸ್ತರರು ಬಂದರು. ಪಹಣಿಯ ಪ್ರತಿ ತೆಗೆಸಲು ಕೊಟ್ಟು ಕನ್ನಡಕ ಒರೆಸುತ್ತಾ ನಿಂತರು. ಮಷಿನ್ ಗುಂಯ್ ಎಂದಿತು, ಕಾಗದ ಹೊರಬಂತು, ಹಿಂದಿನಿಂದ ಗೊರ ಗೊರ, ಛೀಂ.

ಮಾಸ್ತರರು ಒರೆಸುವುದನ್ನು ನಿಲ್ಲಿಸಿದರು. "ತಮಾ, ನಿನ್ನ ಮಷಿನ್ನಿಗೆ ನೆಗಡಿ ಆದಂಗೆ ಅದೆ."

"ಹಳೇದಾತು ಮಾಸ್ತರ್ರೆ."

"ಮೊನ್ನೆ ಹೊಸದು ಅಂದಿದ್ದೆ?"

ಅಷ್ಟರಲ್ಲಿ ಫೋನು ಬಂದು ಮಾಸ್ತರರು ಹೊರಗೆ ಹೋದರು. ಅದೇ ಹೊತ್ತಿಗೆ ಯಾವುದೋ ಅರ್ಜಿಯ ಪ್ರತಿ ತೆಗೆಸಲು ಡಾಕ್ಟರಮ್ಮ ಒಳಗೆ ಬರಬೇಕೆ! ಅವರು ಛೀಂ ಎಂಬ ಶಬ್ದವನ್ನು ಒಂದೇ ಸಲಕ್ಕೆ ಗುರುತು ಹಿಡಿದರು. ಹಿಂದೆ ಇಣುಕಿ ನೋಡಿ, ಮಷಿನ್ನಿನ ಪಕ್ಕದಲ್ಲಿ ಚೆಲ್ಲಿದ್ದ ಕಪ್ಪು ಪುಡಿಯನ್ನು ಬೆರಳಲ್ಲಿ ಒರೆಸಿ ನನ್ನ ಮೂಗಿನ ಮುಂದೆ ಹಿಡಿದರು. "ಧೂಳ ಬ್ಯಾಡ ಅಂದ್ರ ಇದೇನ್ರೀ ಇದು? ಮನೀಗೆ ಒಯ್ರಿ ಮೊದಲ!" ಮಾಸ್ತರರು ಇನ್ನೂ ಹೊರಗೆ ಫೋನಿನಲ್ಲಿ ಮಾತನಾಡುತ್ತಿದ್ದರು, ಇದು ಅವರ ಕಿವಿಗೆ ಬೀಳಲಿಲ್ಲ. ಇಡೀ ಪೇಟೆಯ ಮುಂದೆ ಬೈಸಿಕೊಂಡಷ್ಟು ಮುಖ ಬಿಸಿಯಾಗಿ, ಅವರಿಬ್ಬರೂ ಹೋದ ಮೇಲೆ ನಾನು ಶಟರ್ ಎಳೆದೆ. ಒಂದು ಕಾಗದದಲ್ಲಿ "ಮನೆಯಲ್ಲಿ ಅನಾರೋಗ್ಯ. ಬೆಳಿಗ್ಗೆ ಎರಡು ತಾಸು ಮಾತ್ರ ಅಂಗಡಿ ತೆರೆದಿರುತ್ತದೆ" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಕಾಗದ ಮಾಡಿದ ಕೆಲಸ ಅಷ್ಟಿಷ್ಟಲ್ಲ. ಎರಡು ದಿನದಲ್ಲಿ ಸುದ್ದಿ ಕುಮಟೆ ತಲುಪಿತು. ಮಾವನವರು ಫೋನ್ ಮಾಡಿ, "ನಿಮ್ಗೆ ಹುಷಾರಿಲ್ವಂತೆ, ಹೆಂಡ್ತಿ ಇಲ್ಲೇ ಕೂತಿದ್ರೂ ಹೇಳ್ಲಿಲ್ಲ ನೀವು" ಎಂದು ನೊಂದುಕೊಂಡರು. ಹುಂಜಕ್ಕೆ ಹುಷಾರಿಲ್ಲ ಎಂದೆ. "ಆತು" ಎಂದು ಫೋನ್ ಇಟ್ಟರು. ಆಮೇಲೆ ಹೆಂಡತಿ ಹೇಳಿದ ಪ್ರಕಾರ, ಮಾವ ಬಾಣಂತಿ ಕೋಣೆಯ ಹೊರಗೆ ಕುರ್ಚಿಯಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕು, ಮಲಗಿದ್ದ ಕೂಸನ್ನು ಎಬ್ಬಿಸಿ ಬೈಸಿಕೊಂಡರಂತೆ.

ಇಲ್ಲಿ ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಹುಂಜ ಔಷಧಿ ಕುಡಿಯುತ್ತಿತ್ತು, ಆದರೆ ಒಂದು ಕಾಳೂ ಮುಟ್ಟುತ್ತಿರಲಿಲ್ಲ. ನುಚ್ಚು, ಗಂಜಿ, ಬೇಯಿಸಿದ ಮೊಟ್ಟೆ, ಆಯಿ ಕೊಟ್ಟ ತೆಂಗಿನ ತುರಿ, ಎಲ್ಲವನ್ನೂ ಮುಂದಿಟ್ಟೆ. ಮುಖ ತಿರುಗಿಸಿತು. ಅದರ ಎದೆಯ ಎಲುಬು ಬೆರಳಿಗೆ ಚುಚ್ಚತೊಡಗಿತ್ತು. ಔಷಧಿ ಶುರುವಾದ ನಾಲ್ಕನೆಯ ದಿನ ಮಧ್ಯಾಹ್ನ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಅದರ ಬೆನ್ನು ಸವರುತ್ತಾ, "ಎಂತಾದ್ರೂ ತಿನ್ನು ಮಾರಾಯಾ. ಬೇಕಾದ್ರೆ ನನ್ನ ಕಾಲು ಕುಕ್ಕು, ಆದ್ರೆ ತಿನ್ನು" ಎನ್ನುತ್ತಿದ್ದೆ. ಕಣ್ಣಲ್ಲಿ ನೀರೂ ಇತ್ತು, ಸುಳ್ಳು ಯಾಕೆ ಹೇಳಲಿ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ನಿವೃತ್ತ ಮಾಸ್ತರರು! ಕೈಯಲ್ಲಿ ಎರಡು ಎಳನೀರು, ಒಂದು ಬ್ರೆಡ್ಡಿನ ಪೊಟ್ಟಣ. ಚಪ್ಪಲಿ ಬಿಡುವ ಮೊದಲೇ ದನಿ ತಗ್ಗಿಸಿ ಕೇಳಿದರು.

"ಹೆಂಗದೆ ಈಗ? ಮನೆಯವ್ರು ಮಲಗಿದಾರ್ಯಾ?"

"ಮನೆಯವ್ರು ಕುಮಟೆಲಿದ್ದಾರೆ ಮಾಸ್ತರ್ರೆ."

"ಮತ್ತೆ ಹುಷಾರಿಲ್ಲದ್ದು ಯಾರಿಗೆ?"

ಹುಂಜ ನನ್ನ ಪರವಾಗಿ ಸೀನಿ ಉತ್ತರ ಕೊಟ್ಟಿತು. ಮಾಸ್ತರರು ಒಳಬಂದು ಪೆಟ್ಟಿಗೆ ನೋಡಿದರು, ಬಲ್ಬು ನೋಡಿದರು, ಸ್ವೆಟರ್ ನೋಡಿದರು, ಕೊನೆಗೆ ನನ್ನ ಕಣ್ಣು ನೋಡಿದರು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಮುಖ ಅದು. ಮೊದಲು ಮೀಸೆ ಅದುರಿತು, ಆಮೇಲೆ ಹೊಟ್ಟೆ. ಎಳನೀರನ್ನು ನೆಲದ ಮೇಲಿಟ್ಟು ಗೋಡೆ ಹಿಡಿದುಕೊಂಡರು. "ಹಾಂಗಾದ್ರೆ ಅವತ್ತು... ಮಷಿನ್ನು..." ಎಂದಷ್ಟೇ ಅವರಿಂದ ಹೊರಟದ್ದು. ಅವರನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಕಣ್ಣಲ್ಲಿದ್ದ ನೀರು ಯಾವುದರದ್ದೆಂದು ನನಗೇ ಗೊತ್ತಾಗದ ಹಾಗೆ ನಕ್ಕೆ.

ನಕ್ಕು ಸುಸ್ತಾಗಿ ಮಾಸ್ತರರು ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. "ರೋಗಿಗೆ ತಂದದ್ದು ರೋಗಿಗೇ ಸೇರ್ಲಿ" ಎನ್ನುತ್ತಾ ಬ್ರೆಡ್ಡಿನ ಚೂರನ್ನು ಎಳನೀರಿನಲ್ಲಿ ಅದ್ದಿ ಅಂಗೈ ಮೇಲೆ ಹಿಡಿದರು. ಹುಂಜ ಓರೆಗಣ್ಣಿನಿಂದ ನೋಡಿತು. ಕುತ್ತಿಗೆ ಚಾಚಿತು. ಒಂದು ಸಲ ಮುಟ್ಟಿ ಬಿಟ್ಟಿತು. ಮತ್ತೆ ಮುಟ್ಟಿತು, ನುಂಗಿತು. ನಾವಿಬ್ಬರೂ ಉಸಿರು ಹಿಡಿದು ಕೂತಿದ್ದೆವು. ಎರಡನೆಯ ಚೂರು, ಮೂರನೆಯ ಚೂರು, ನಾಲ್ಕನೆಯದಕ್ಕೆ ಅದು ತಾನೇ ಎದ್ದು ನಿಂತಿತು. ಮಾಸ್ತರರು ಪರೀಕ್ಷೆಯಲ್ಲಿ ಪಾಸಾದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿ, "ಬ್ರೆಡ್ಡಿನ ಪೊಟ್ಟಣ ಇಲ್ಲೇ ಇರ್ಲಿ, ನಾಳೆ ಇನ್ನೊಂದು ತರ್ತೆ" ಎಂದರು. ನಿಜಕ್ಕೂ ತಂದರು. ಅದಾದ ಮೇಲೆ ದಿನಾ ಮಧ್ಯಾಹ್ನ ಬಂದು, ಹುಂಜಕ್ಕೆ ತಿನ್ನಿಸಿ, ಆಯಿ ಮಾಡಿದ ಚಹಾ ಕುಡಿದು ಹೋಗುತ್ತಿದ್ದರು.

ಅಲ್ಲಿಂದ ಮುಂದೆ ದಿನಕ್ಕೊಂದು ಸುದ್ದಿ. ಗೊರ ಗೊರ ಕಡಿಮೆಯಾಯಿತು. ಕಣ್ಣಿನ ನೊರೆ ನಿಂತಿತು. ಜುಟ್ಟು ಮತ್ತೆ ಕೆಂಪಗಾಯಿತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಹಿಂದಿನ ಕೋಣೆಯಿಂದ ಹಳೆಯ ಸ್ಕೂಟರಿಗೆ ಕಿಕ್ ಹೊಡೆದಂಥ ಶಬ್ದ ಬಂತು. ಕೊರ್... ಕೊರ್... ಎಂದು ಎರಡು ಸಲ ಕೆಟ್ಟು, ಮೂರನೆಯ ಸಲ ಸ್ಟಾರ್ಟ್ ಆಗಿ, ಕೊನೆಯಲ್ಲಿ ಕೀಂಯ್ ಎಂದು ನಿಂತಿತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬೇಲಿಗೆ ಓಡಿದೆ. ಆಯಿ ಆಗಲೇ ಅಲ್ಲಿದ್ದರು. "ಕೂಗ್ತಾ?" "ಕೂಗ್ತು!" ಆಯಿ ಕೈಯಲ್ಲಿದ್ದ ಒದ್ದೆ ಟವೆಲನ್ನು ಗಾಳಿಯಲ್ಲಿ ತಿರುಗಿಸಿದರು. ನೀರೆಲ್ಲ ನನ್ನ ಮುಖಕ್ಕೆ ಸಿಡಿಯಿತು.

ಅದರ ಮರುದಿನ ನೀರಿನ ಬಟ್ಟಲು ತೆಗೆಯಲು ಬಗ್ಗಿದಾಗ ಹುಂಜ ನನ್ನ ಕೈಯ ಮೇಲೆ ಕುಕ್ಕಿತು. ಸುಮ್ಮನೆ ಅಲ್ಲ, ಮನಸ್ಸಿಟ್ಟು ಕುಕ್ಕಿತು. ಗರಿ ಕೆದರಿ, ಹಿಂದೆ ಸರಿದು, ಇನ್ನೊಂದಕ್ಕೆ ತಯಾರಾಗಿ ನಿಂತಿತು. ರಕ್ತ ಬಂತು. ನಾನು ಕುಣಿದುಬಿಟ್ಟೆ. ಹೆಂಡತಿಗೆ ವಿಡಿಯೊ ಕಾಲ್ ಮಾಡಿ, "ನೋಡು, ಕುಕ್ಕಿದೆ! ಎಷ್ಟು ಆಳ ಕುಕ್ಕಿದೆ ನೋಡು!" ಎಂದು ಕೈ ತೋರಿಸಿದೆ. ಅವಳು "ಅಯ್ಯೋ ನನ್ನ ಚಿನ್ನಾ!" ಎಂದಳು. ನನಗೆ ಹೇಳಿದ್ದೆಂದು ಒಂದು ಕ್ಷಣ ಅಂದುಕೊಂಡೆ. "ಫೋನು ಅದರ ಕಡೆ ತಿರುಗ್ಸಿ" ಎಂದಳು.

ಔಷಧಿ ಮುಗಿದು, ಡಾಕ್ಟರಮ್ಮ ಇನ್ನೊಮ್ಮೆ ನೋಡಿ, ಇನ್ನು ಹೊರಗೆ ಬಿಡಬಹುದು ಎಂದರು. ಎರಡು ವಾರ ಕಳೆದು ಹೆಂಡತಿಯೂ ಬಂದಳು. ಮಗಳು ಶಾಲೆಗೆ ಹೋದ ಮೇಲೆ ನಾವಿಬ್ಬರೂ ಅಂಗಳದ ಮೆಟ್ಟಿಲ ಮೇಲೆ ಕೂತು ಪೆಟ್ಟಿಗೆಯ ಬಾಯಿ ತೆರೆದೆವು. ಹುಂಜ ಹೊರಬಂದು ಎದೆಯುಬ್ಬಿಸಿ, ರೆಕ್ಕೆ ಬಡಿದು, ತನ್ನ ನಾಲ್ಕು ಹೇಂಟೆಗಳ ಕಡೆಗೆ ಗಂಭೀರವಾಗಿ ನಡೆಯಿತು.

ಹೇಂಟೆಗಳಿಗೆ ಅದರ ಗುರುತೇ ಸಿಗಲಿಲ್ಲ. ಕಂದು ಬಣ್ಣದ ಹೇಂಟೆಯೊಂದು ಓಡಿ ಬಂದು ಅದರ ತಲೆಗೇ ಕುಕ್ಕಿತು. ಹುಂಜ ಕಕ್ಕಾಬಿಕ್ಕಿಯಾಗಿ ಹಿಂದೆ ತಿರುಗಿ ಓಡಿತು. ಉಳಿದ ಮೂರೂ ಬೆನ್ನಟ್ಟಿದವು. ಎರಡು ವರ್ಷ ನನ್ನನ್ನು ಹೆದರಿಸಿದ್ದ ಪ್ರಾಣಿ ಪಪ್ಪಾಯಿ ಗಿಡಕ್ಕೆ ಎರಡು ಸುತ್ತು ಹೊಡೆದು, ನನ್ನ ಸ್ಕೂಟರಿನ ಅಡಿಗೆ ನುಗ್ಗಿ, ಅಲ್ಲಿಂದ ಹೊರಟು ಸೀದಾ ನಮ್ಮ ಕಡೆಗೆ ಬಂತು. ಹೆಂಡತಿ ಕೈ ಚಾಚಿದಳು. ಅದು ಅವಳ ಕೈಯ ಕೆಳಗಿನಿಂದ ನುಸುಳಿ ನನ್ನ ಎರಡು ಕಾಲಿನ ನಡುವೆ ಬಂದು, ನನ್ನ ಪಂಚೆಯ ಒಳಗೆ ತಲೆ ಹುದುಗಿಸಿ ನಿಂತಿತು.

ಹೆಂಡತಿ ಬಾಯಿ ತೆರೆದು ನನ್ನನ್ನು ನೋಡಿದಳು. "ನನ್ನ ಬಿಟ್ಟು... ನಿಮ್ಮ ಹತ್ರ?" ಅವಳಿಗೆ ಸಿಟ್ಟು ಬಂದಿತ್ತೋ ನಗು ಬಂದಿತ್ತೋ, ಮೊದಲು ಎರಡೂ ಒಟ್ಟಿಗೆ ಬಂದ ಹಾಗಿತ್ತು. ಆಮೇಲೆ ನಗುವೇ ಗೆದ್ದಿತು. ನನ್ನ ಭುಜಕ್ಕೆ ಹಣೆಯೊತ್ತಿ ನಕ್ಕಳು. ನಾನು ಕಾಲು ಅಲ್ಲಾಡಿಸಲು ಧೈರ್ಯವಿಲ್ಲದೆ, ಕಂಬದ ಹಾಗೆ ಕೂತು, ಹೊಟ್ಟೆ ಹಿಡಿದು ನಕ್ಕೆ. ಹೇಂಟೆಗಳು ನಾಲ್ಕೂ ಮೆಟ್ಟಿಲ ಕೆಳಗೆ ಸಾಲಾಗಿ ನಿಂತು ಕತ್ತು ಓರೆ ಮಾಡಿ ನಮ್ಮನ್ನು ನೋಡುತ್ತಿದ್ದವು.

ಆಯಿ ಬೇಲಿಯ ಮೇಲೆ ಒಂದು ಸೀರೆ ಹರವುತ್ತಾ, "ಎಂತ ಆತು ಇಬ್ರಿಗೂ?" ಎಂದು ಕೂಗಿದರು. ಹೆಂಡತಿ ನನ್ನ ಪಂಚೆಯ ಕಡೆಗೆ ಬೆರಳು ತೋರಿಸಿದಳು. ಅಲ್ಲಿಂದ ಹೊರಗೆ ಕಾಣುತ್ತಿದ್ದದ್ದು ಬಾಲದ ಗರಿ ಮಾತ್ರ. ಆಯಿ ಸೀರೆಯನ್ನು ಅಲ್ಲಿಯೇ ಬಿಟ್ಟು, ಬೇಲಿಗೆ ಒರಗಿ, ಉಸಿರು ಸಿಕ್ಕಿಹಾಕಿಕೊಂಡು ಕೆಮ್ಮು ಬರುವವರೆಗೆ ನಕ್ಕರು.